ಬಣ್ಣ ಮಾಸಿದ ಹಳೆಯ ಫಿಯೆಟ್‌ಗೆ ಹೊಸ ಬಣ್ಣ ಹೊಡೆಸಬೇಕೇ?

ಪ್ರಶ್ನೆ: ನಮ್ಮ ತಂದೆಯವರು 1961ರಲ್ಲಿ ಹೊಸದಾಗಿ ಕೊಂಡ ಫಿಯೆಟ್ 1100 ಕಾರು ಮಲ್ಲೇಶ್ವರದ ನಮ್ಮ ಮನೆಯ ಶೆಡ್ಡಿನಲ್ಲಿ ಸುಮಾರು ಇಪ್ಪತ್ತು ವರ್ಷಗಳಿಂದ ನಿಂತಿದೆ. ಕೊನೆಯವರೆಗೂ ಒಬ್ಬರ ಕೈಯಲ್ಲೇ ಇದ್ದ ಗಾಡಿ. ಬಣ್ಣ, ಸೀಟು, ಎಂಜಿನ್ ಯಾವುದನ್ನೂ ಬದಲಾಯಿಸಿಲ್ಲ. ಬಾನೆಟ್ಟಿನ ಮೇಲೆ ಬಣ್ಣ ಬಿಳಿಚಿಕೊಂಡಿದೆ. ತಂದೆಯವರು ಹೋದ ವರ್ಷ ತೀರಿಕೊಂಡರು. ಟಿಂಕರಿಂಗ್ ಮಾಡಿಸಿ ಹೊಸ ಬಣ್ಣ ಹೊಡೆಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ನಮ್ಮ ಭಾವ ಹೇಳುತ್ತಾರೆ. ನೋಡಲು ಬಂದಿದ್ದ ಸಂಗ್ರಾಹಕರೊಬ್ಬರು ಮಾತ್ರ ‘ದಯವಿಟ್ಟು ಏನನ್ನೂ ಮುಟ್ಟಬೇಡಿ’ ಎಂದು ಹೇಳಿ ಹೋದರು. ಮಾಸಿದ ಕಾರಿನ ಮೇಲೆ ಇಂಥವರಿಗೆ ಏಕಿಷ್ಟು ಆಸೆ? ಹಳೆಯದು, ಅಪರೂಪದ್ದು ಎಂದ ಮಾತ್ರಕ್ಕೆ ಬೆಲೆ ಬರುತ್ತದೆಯೇ? ನಾವೀಗ ಏನು ಮಾಡಬೇಕು?

ಉತ್ತರ: ನಿಮ್ಮ ಮನೆಗೆ ಬಂದಿದ್ದ ಸಂಗ್ರಾಹಕರು ಹೇಳಿದ್ದೇ ಸರಿ, ಸದ್ಯಕ್ಕೆ ಕಾರಿನ ಮೈಗೆ ಯಾರೂ ಕೈ ಹಚ್ಚದಿರಲಿ. ಆದರೆ ಅವರು ಕಾರಣ ವಿವರಿಸದೆ ಹೋದದ್ದರಿಂದ ಮನೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿದೆ. ನಿಮ್ಮ ಭಾವನವರ ಲೆಕ್ಕಾಚಾರವನ್ನು ತಳ್ಳಿಹಾಕುವಂತಿಲ್ಲ. ಹತ್ತು ವರ್ಷ ಓಡಿದ ಕಾರನ್ನು ಮಾರುವಾಗ ಪಾಲಿಶ್ ಹೊಡೆಸಿ, ಸೀಟಿಗೆ ಹೊಸ ಕವರ್ ಹಾಕಿಸಿದರೆ ನಾಲ್ಕು ಕಾಸು ಹೆಚ್ಚು ಸಿಗುವುದು ಎಲ್ಲರೂ ಕಂಡ ಸಂಗತಿ. ಅಲ್ಲಿ ಕೊಳ್ಳುವವರಿಗೆ ಬೇಕಿರುವುದು ಇನ್ನೂ ಕೆಲವು ವರ್ಷ ತೊಂದರೆ ಕೊಡದೆ ಓಡುವ ವಾಹನ. ಅರವತ್ತು ವರ್ಷ ದಾಟಿದ ಕಾರನ್ನು ಹುಡುಕಿಕೊಂಡು ಬರುವವರಿಗೆ ಬೇಕಿರುವುದು, ಆ ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತು ಎಂಬುದಕ್ಕೆ ಅದರ ಮೈಮೇಲೇ ಉಳಿದಿರುವ ಸಾಕ್ಷ್ಯ. ಬಣ್ಣ ಹೊಡೆಯುವವರು ಕೆಲಸ ಶುರುಮಾಡುವುದೇ ಆ ಸಾಕ್ಷ್ಯವನ್ನು ಉಜ್ಜಿ ತೆಗೆಯುವುದರಿಂದ.

ಅಪರೂಪದ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಜನರಲ್ಲಿ ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಅಲ್ಲಿಯೇ. ಸಂಖ್ಯೆ ಕಡಿಮೆಯಿದ್ದರೆ ಬೆಲೆ ತಾನಾಗಿಯೇ ಏರುತ್ತದೆ ಎಂಬ ನಂಬಿಕೆಗೆ ದೊಡ್ಡ ದೊಡ್ಡ ಹರಾಜುಗಳ ಸುದ್ದಿಯೇ ಕಾರಣ. 2022ರ ಮೇ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಡೆದ ಹರಾಜಿನಲ್ಲಿ 1955ರ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್‌ಆರ್ ಕೂಪೆ ಕಾರು 13.5 ಕೋಟಿ ಯೂರೋಗಳಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಗೂ ಮೀರಿದ ಮೊತ್ತಕ್ಕೆ ಮಾರಾಟವಾಯಿತು. ಅಂಥ ಕಾರುಗಳು ತಯಾರಾಗಿದ್ದದ್ದು ಎರಡೇ ಎರಡು. ಆದರೆ ಆ ಬೆಲೆ ಬಂದದ್ದು ‘ಎರಡು’ ಎಂಬ ಸಂಖ್ಯೆಯೊಂದರಿಂದ ಎಂದು ತಿಳಿಯಬಾರದು. ಮರ್ಸಿಡಿಸ್ ಕಂಪನಿಯು ರೇಸಿನಲ್ಲಿ ಮೆರೆಯುತ್ತಿದ್ದ ವರ್ಷದ ಯಂತ್ರ ಅದು; ಅದೇ 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ನಡೆದ ಭೀಕರ ಅಪಘಾತದ ವರ್ಷವೇ ಕಂಪನಿಯು ರೇಸಿನಿಂದ ಹಿಂದೆ ಸರಿದ ಕಾರಣ ಈ ಎರಡು ಕಾರುಗಳು ರೇಸಿಗೆ ಇಳಿಯದೆ ಉಳಿದವು; ಅವುಗಳಲ್ಲೊಂದನ್ನು ವಿನ್ಯಾಸಕಾರ ರುಡಾಲ್ಫ್ ಊಲೆನ್‌ಹೌಟ್ ತಾವೇ ಓಡಿಸಿಕೊಂಡು ಓಡಾಡುತ್ತಿದ್ದರು; ಆಮೇಲೆ ದಶಕಗಳ ಕಾಲ ಕಾರು ತಯಾರಕರ ಕೈಬಿಟ್ಟು ಹೋಗಲೇ ಇಲ್ಲ. ಇಷ್ಟೆಲ್ಲ ಸೇರಿ ಆದ ಬೆಲೆ ಅದು.

ಇದಕ್ಕೆ ಎದುರಾಗಿ ನಮ್ಮ ಬೆಂಗಳೂರಿನದೇ ಒಂದು ಕಾರನ್ನು ಇಟ್ಟು ನೋಡಿ. ಸಿಪಾನಿ ಎಂಬ ಕಂಪನಿಯವರು 1980ರ ದಶಕದ ಆರಂಭದಲ್ಲಿ ಇಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಯಾರಿಸಿದರು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದಕ್ಕೆ ಮೂಲ; 848 ಸಿಸಿ ಎಂಜಿನ್, ಎರಡು ಬಾಗಿಲು, ಕಬ್ಬಿಣದ ತಗಡಿನ ಬದಲು ಫೈಬರ್ ಗ್ಲಾಸಿನ ಮೈ. ಅದಕ್ಕೂ ಮೊದಲು ಬಾದಲ್ ಎಂಬ ಮೂರು ಚಕ್ರದ ಕಾರು ಕೂಡ ಇದೇ ಊರಿನಿಂದ ಬಂದಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಡಾಲ್ಫಿನ್ನಿನ ಪಾಡು ಹೇಳತೀರದಾಯಿತು. ಇವತ್ತು ಓಡುವ ಸ್ಥಿತಿಯಲ್ಲಿರುವ ಡಾಲ್ಫಿನ್ನನ್ನು ಹುಡುಕಹೊರಟರೆ ಒಳ್ಳೆಯ ಜಾಗ್ವಾರ್ ಸಿಕ್ಕರೂ ಸಿಕ್ಕೀತು, ಡಾಲ್ಫಿನ್ ಸಿಗಲಾರದು. ಹಾಗಿದ್ದರೂ ಜಾಗ್ವಾರ್ ಇ-ಟೈಪ್‌ಗೆ ಬರುವ ಬೆಲೆಯ ಹತ್ತಿರಕ್ಕೂ ಅದು ಸುಳಿಯುವುದಿಲ್ಲ. 1961ರಲ್ಲಿ ಬಿಡುಗಡೆಯಾದ ಇ-ಟೈಪ್ ಒಟ್ಟು ಎಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾಗಿತ್ತು. ಆದರೆ ಅದನ್ನು ಬಯಸುವವರು ಜಗತ್ತಿನ ಎಲ್ಲ ಊರುಗಳಲ್ಲೂ ಇದ್ದಾರೆ. ಡಾಲ್ಫಿನ್ನನ್ನು ಬಯಸುವವರು ಅದರ ಹೆಸರು ಕೇಳಿದ ತಲೆಮಾರಿನ ಕೆಲವೇ ಜನ. ಅಪರೂಪವೆನ್ನುವುದು ಬೇಡಿಕೆಯೊಂದಿಗೆ ಸೇರಿದಾಗ ಮಾತ್ರ ಹಣವಾಗುತ್ತದೆ. (ಬೆಲೆಯ ಮಾತು ಬಿಟ್ಟು ಇತಿಹಾಸದ ಮಾತಿಗೆ ಬಂದರೆ, ಬೆಂಗಳೂರಿನ ಸಂಗ್ರಾಹಕರು ಇ-ಟೈಪ್‌ಗಿಂತ ಮೊದಲು ಒಂದು ಡಾಲ್ಫಿನ್ನನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಇ-ಟೈಪ್ ನೋಡಿಕೊಳ್ಳಲು ಇಡೀ ಲೋಕವೇ ಇದೆ.)

ಅಪರೂಪ ಹುಟ್ಟುವ ಬಗೆಗಳೂ ಒಂದೇ ತೆರನಾಗಿಲ್ಲ. ಎರಡನೇ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್‌ನಂಥ ಕಂಪನಿಗಳು ಎಂಜಿನ್ನನ್ನೂ ಕಾರಿನ ಅಡಿಚೌಕಟ್ಟಾದ ಚಾಸಿಯನ್ನೂ ಮಾತ್ರ ಕೊಡುತ್ತಿದ್ದವು. ಮೇಲಿನ ಮೈಯನ್ನು ಕೊಳ್ಳುವವರ ಇಚ್ಛೆಯಂತೆ ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿಯಂಥ ಬಾಡಿ ಕಟ್ಟುವ ಮನೆಗಳು ಕೈಕೆಲಸದಿಂದ ಕಟ್ಟುತ್ತಿದ್ದವು. ಹೀಗಾಗಿ ಒಂದೇ ಮಾದರಿಯ ಎರಡು ಕಾರುಗಳು ಒಂದರಂತೆ ಒಂದು ಇರುತ್ತಿರಲಿಲ್ಲ. ನಮ್ಮ ದೇಶದ ಮಹಾರಾಜರು ತರಿಸಿಕೊಂಡ ಕಾರುಗಳ ಆಕರ್ಷಣೆಯ ಬಹುಪಾಲು ಇರುವುದು ಇಲ್ಲಿ. ಇನ್ನು ಕೆಲವು ಕಾರುಗಳು ತಯಾರಾದಾಗ ಲಕ್ಷಗಟ್ಟಲೆ ಇದ್ದು, ಅವುಗಳಲ್ಲಿ ಒಂದು ಮಾತ್ರ ತನ್ನ ಕಥೆಯಿಂದ ಬೇರೆಯಾಗಿ ನಿಲ್ಲುತ್ತದೆ. ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಚಲನಚಿತ್ರವೊಂದರಲ್ಲಿ ಓಡಿಸಿದ 1968ರ ಫೋರ್ಡ್ ಮಸ್ಟಾಂಗ್ ಅಂಥದು. 1974ರಲ್ಲಿ ಅದನ್ನು ಕೊಂಡ ಕುಟುಂಬವೊಂದು ದಿನನಿತ್ಯದ ಓಡಾಟಕ್ಕೆ ಬಳಸಿತು, ಆಮೇಲೆ ಮನೆಯಲ್ಲೇ ನಿಲ್ಲಿಸಿಕೊಂಡಿತು. ತನಗೇ ಮರಳಿ ಮಾರುವಂತೆ ಮೆಕ್ವೀನ್ 1977ರಲ್ಲಿ ಕಾಗದ ಬರೆದರೂ ಅವರು ಕೊಡಲಿಲ್ಲ. 2020ರ ಜನವರಿಯಲ್ಲಿ ಅದು ಹರಾಜಾದಾಗ ಶುಲ್ಕವೂ ಸೇರಿ 37.4 ಲಕ್ಷ ಡಾಲರ್ ಬಂದಿತು. ಮಾಸಿ, ಗೀರುಬಿದ್ದ ಸ್ಥಿತಿಯಲ್ಲೇ, ರಿಪೇರಿ ಮಾಡಿ ಹೊಸದಾಗಿಸದೆಯೇ ಅದನ್ನು ಮಾರಿದರು. ಚಿತ್ರೀಕರಣಕ್ಕೆಂದು ಕ್ಯಾಮೆರಾ ಕೂರಿಸಲು ಮಾಡಿದ್ದ ಜೋಡಣೆಯ ಗುರುತುಗಳು ಆ ಕಾರಿನಡಿಯಲ್ಲಿ ಹಾಗೆಯೇ ಉಳಿದಿದ್ದವು. ಯಾರಾದರೂ ‘ಚೆನ್ನಾಗಿ ಕಾಣಲಿ’ ಎಂದು ಅವನ್ನು ಕತ್ತರಿಸಿ ಸಪಾಟು ಮಾಡಿಸಿದ್ದರೆ, ಇದು ಅದೇ ಕಾರು ಎಂದು ನಂಬಿಸುವುದು ಬಹಳ ಕಷ್ಟವಾಗುತ್ತಿತ್ತು.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ. ಒಂದು ಕಾಲದಲ್ಲಿ ಸಂಗ್ರಾಹಕರ ಲೋಕದಲ್ಲೂ ನಿಮ್ಮ ಭಾವನವರ ವಿಚಾರವೇ ನಡೆಯುತ್ತಿತ್ತು. ಹಳೆಯ ಕಾರು ಸಿಕ್ಕಿದರೆ ಮೊಳೆಮೊಳೆಯಾಗಿ ಬಿಚ್ಚಿ, ಕಾರ್ಖಾನೆಯಲ್ಲಿ ಎಂದೂ ಇರದಿದ್ದಷ್ಟು ಹೊಳಪು ಬರಿಸಿ, ಪ್ರದರ್ಶನಕ್ಕೆ ನಿಲ್ಲಿಸುವುದೇ ಹೆಚ್ಚುಗಾರಿಕೆಯಾಗಿತ್ತು. ಕಳೆದ ಎರಡು ಮೂರು ದಶಕಗಳಲ್ಲಿ ಈ ಅಭಿರುಚಿ ತಿರುಗಿದೆ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಕುಟುಂಬದ ಶೆಡ್ಡುಗಳಲ್ಲಿ ದಶಕಗಳಿಂದ ಮುಚ್ಚಿಹೋಗಿದ್ದ ಕಾರುಗಳು ಹರಾಜಿಗೆ ಬಂದವು. ಅವುಗಳಲ್ಲಿದ್ದ, ಒಮ್ಮೆ ಫ್ರೆಂಚ್ ನಟ ಅಲೈನ್ ಡೆಲಾನ್ ಬಳಿಯಿದ್ದ ಫೆರಾರಿ 250 ಕ್ಯಾಲಿಫೋರ್ನಿಯಾ ಸ್ಪೈಡರ್ ಕಾರು ಸಿಕ್ಕಿದಾಗ ಅದರ ಮೇಲೆ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಪೇರಿಸಿಟ್ಟಿದ್ದರು. ಹರಾಜಿನವರು ಕಾರಿನ ಮೇಲಿದ್ದ ಧೂಳನ್ನು ಒರೆಸಲಿಲ್ಲ. ಧೂಳಿನ ಸಮೇತ ವೇದಿಕೆಗೆ ತಂದರು. ಅದಕ್ಕೆ ಬಂದ ಬೆಲೆ 1.63 ಕೋಟಿ ಯೂರೋ, ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಇದಕ್ಕಿಂತಲೂ ವಿಚಿತ್ರವಾದದ್ದು 1925ರ ಬುಗಾಟಿಯೊಂದರ ಕಥೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿರುವ ಮಜೋರೆ ಸರೋವರದ ತಳದಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಬಿದ್ದಿದ್ದ ಆ ಕಾರನ್ನು 2009ರಲ್ಲಿ ಮೇಲೆತ್ತಿದಾಗ ಅರ್ಧ ಮೈ ತುಕ್ಕಿನಿಂದ ಕರಗಿಹೋಗಿತ್ತು. 2010ರಲ್ಲಿ ಅದನ್ನು 2,60,500 ಯೂರೋ ಕೊಟ್ಟು ಕೊಂಡ ಕ್ಯಾಲಿಫೋರ್ನಿಯಾದ ಸಂಗ್ರಹಾಲಯದವರು ಒಂದು ಬೋಲ್ಟನ್ನೂ ಬದಲಾಯಿಸದೆ, ತುಕ್ಕು ಹಿಡಿದ ಆ ಅಸ್ಥಿಪಂಜರವನ್ನೇ ಪ್ರದರ್ಶನಕ್ಕಿಟ್ಟರು. ಇದು ಅತಿಯಾಯಿತು ಎಂದು ನನಗೂ ಒಮ್ಮೊಮ್ಮೆ ಅನ್ನಿಸಿದ್ದುಂಟು; ಆದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ.

ಅಮೆರಿಕದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆಯುತ್ತಿರುವ ಪ್ರದರ್ಶನ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಪ್ರತಿಷ್ಠಿತವಾದದ್ದು. ಅಲ್ಲಿ ಹೊಳೆಯುವ, ಹೊಸದಾಗಿಸಿದ ಕಾರುಗಳಿಗೇ ಪರಮ ಪ್ರಶಸ್ತಿ ಸಲ್ಲುವುದು ವಾಡಿಕೆಯಾಗಿತ್ತು. 2024ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ, ಮೂಲ ಸ್ಥಿತಿಯನ್ನು ಕಾಯ್ದುಕೊಂಡ ಕಾರುಗಳ ವಿಭಾಗದಿಂದ ಬಂದ ಕಾರೊಂದು ಆ ಪ್ರಶಸ್ತಿ ಪಡೆಯಿತು. ಅದು 1934ರ ಬುಗಾಟಿ ಟೈಪ್ 59. ಹಿಂದೆ ಬೆಲ್ಜಿಯಂನ ದೊರೆ ಮೂರನೇ ಲಿಯೋಪೋಲ್ಡ್ ಅವರ ಬಳಿಯಿದ್ದ ಕಾರು. ಕಪ್ಪು ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ, ಸೀಟಿನ ಚರ್ಮ ಸುಕ್ಕುಗಟ್ಟಿದೆ. ತೀರ್ಪುಗಾರರು ಕೊರತೆಯೆಂದು ಎಣಿಸದೆ ಮೆಚ್ಚಿಕೊಂಡದ್ದು ಅದನ್ನೇ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದು ಕೂಡ ಇದೇ ದಾರಿಯದು: ಮೂಲ ಭಾಗಗಳನ್ನು ಆದಷ್ಟೂ ಉಳಿಸಬೇಕು, ಅನಿವಾರ್ಯವಾದ ಕೆಲಸವನ್ನು ಮಾತ್ರ ಮಾಡಬೇಕು, ಮಾಡಿದ್ದನ್ನೆಲ್ಲ ದಾಖಲಿಸಬೇಕು.

ಈ ಒಲವು ಕೇವಲ ಶ್ರೀಮಂತರ ಖಯಾಲಿಯೇ ಎಂದು ನೀವು ಕೇಳಬಹುದು. ಖಯಾಲಿಯ ಅಂಶ ಇಲ್ಲವೆನ್ನಲಾರೆ, ಆದರೆ ಅದರ ಹಿಂದೆ ಗಟ್ಟಿಯಾದ ಕಾರಣವಿದೆ. ಹಳೆಯ ಶಾಸನದ ಕಲ್ಲನ್ನು ಚೆನ್ನಾಗಿ ಕಾಣಲೆಂದು ಉಜ್ಜಿ ನಯಗೊಳಿಸಿದರೆ ಕಲ್ಲು ಹೊಳೆಯುತ್ತದೆ, ಅಕ್ಷರ ಹೋಗಿಬಿಡುತ್ತದೆ. ಕಾರಿನಲ್ಲೂ ಆಗುವುದು ಅದೇ. ಆ ಕಾಲದಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್‌ಕೋಟ್ ಬಳಿಯುವ ಪದ್ಧತಿ ಇರಲಿಲ್ಲ. ಈಗಿನ ಪಾಲಿಯುರಿಥೇನ್ ಬಣ್ಣಕ್ಕೆ ನೀರು ನಿಂತಂಥ ಗಾಢ ಹೊಳಪಿರುತ್ತದೆ. 1961ರ ಬಣ್ಣದ ಹೊಳಪು ಮೆದು, ಸ್ವಲ್ಪ ಒಣಗಿದಂಥದು. ಕಾರ್ಖಾನೆಯಲ್ಲಿ ಬಣ್ಣ ಸಿಂಪಡಿಸುವವನು ಡಿಕ್ಕಿಯ ಒಳಮೂಲೆಯಲ್ಲಿ, ಡ್ಯಾಶ್‌ಬೋರ್ಡಿನ ಹಿಂಬದಿಯಲ್ಲಿ ಎಲ್ಲಿ ಕೈ ನಿಲ್ಲಿಸಿದ್ದ, ಯಾವ ಮೂಲೆಗೆ ಬಣ್ಣ ತೆಳುವಾಗಿ ಹಾರಿಬಿದ್ದಿತ್ತು, ಬಣ್ಣದ ಕೆಳಗಿನ ಪ್ರೈಮರ್ ಯಾವುದು, ಯಾವ ತಿರುಪಿಗೆ ಒಂದೇ ಗೀರಿನ ತಲೆಯಿತ್ತು, ಸೀಟಿನ ಹೊಲಿಗೆ ಅಂಗುಲಕ್ಕೆಷ್ಟು ಬೀಳುತ್ತಿತ್ತು ಎಂಬುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ನಾಳೆ ಇನ್ನೊಬ್ಬರು ಹಾಳಾದ 1961ರ ಫಿಯೆಟ್ಟನ್ನು ಸರಿಯಾಗಿ ಕಟ್ಟಬೇಕೆಂದರೆ ಅವರು ಅಳತೆಗೂ ಬಣ್ಣಕ್ಕೂ ಬರಬೇಕಾದದ್ದು ನಿಮ್ಮಂಥವರ ಶೆಡ್ಡಿಗೇ. ಹೊಸದಾಗಿಸಿದ ಕಾರನ್ನು ಹಣವಿದ್ದವರು ಎಷ್ಟು ಬೇಕಾದರೂ ಮಾಡಿಸಿಕೊಳ್ಳಬಹುದು. ಮುಟ್ಟದೆ ಉಳಿದ ಕಾರುಗಳ ಸಂಖ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಒಟ್ಟು ತಯಾರಾದ ಸಂಖ್ಯೆಯಿಂದ ನಿಮ್ಮ ಕಾರು ಅಪರೂಪದ್ದಲ್ಲ. ಉಳಿದ ಸ್ಥಿತಿಯಿಂದ ಅಪರೂಪದ್ದು.

ನಂಬಿಕೆಯ ಪ್ರಶ್ನೆಯೂ ಇದೆ. ದಪ್ಪ ಬಣ್ಣದ ಕೆಳಗೆ ಪುಟ್ಟಿ ತುಂಬಿದ ತುಕ್ಕು, ಬೇರೆ ಕಾರಿನಿಂದ ತಂದ ಎಂಜಿನ್, ಹೊಸದಾಗಿ ಕೊರೆದ ಚಾಸಿ ನಂಬರು ಏನು ಬೇಕಾದರೂ ಅಡಗಬಹುದು. ಮೂಲ ಬಣ್ಣದ ಕಾರಿನಲ್ಲಿ ಮುಚ್ಚಿಡಲು ಜಾಗವಿಲ್ಲ. ಅದಕ್ಕೇ ನುರಿತ ಸಂಗ್ರಾಹಕರು ಮಿರುಗುವ ಕಾರಿನ ಮುಂದೆ ಅನುಮಾನದಿಂದಲೂ ಮಾಸಿದ ಕಾರಿನ ಮುಂದೆ ಸಮಾಧಾನದಿಂದಲೂ ನಿಲ್ಲುತ್ತಾರೆ.

ಮನಸ್ಸಿನ ಸಂಗತಿಯನ್ನು ಬಿಟ್ಟು ಈ ಆಕರ್ಷಣೆಯನ್ನು ವಿವರಿಸಲಾಗದು. ಹೆಚ್ಚಿನವರು ಕೊಳ್ಳಲು ಬಯಸುವುದು ತಾವು ಹುಡುಗರಾಗಿದ್ದಾಗ ಬೀದಿಯಲ್ಲಿ ನಿಂತು ನೋಡಿದ ಕಾರನ್ನು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ತಯಾರಿಸುತ್ತಿದ್ದ ಈ ಫಿಯೆಟ್, ಕಲ್ಕತ್ತೆಯ ಕಡೆಯಿಂದ ಬರುತ್ತಿದ್ದ ಅಂಬಾಸಡರ್, ಮದರಾಸಿನ ಸ್ಟಾಂಡರ್ಡ್ ಹೆರಾಲ್ಡ್, ಇವಿಷ್ಟೇ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳ ಮುಂದೆ ಕಾಣುತ್ತಿದ್ದ ಕಾರುಗಳು. ಹಿಂಬದಿಗೆ ಕೀಲಿರುವ ನಿಮ್ಮ ಫಿಯೆಟ್ಟಿನ ಮುಂಬಾಗಿಲು, ಸ್ಟೀರಿಂಗಿನ ಪಕ್ಕದಲ್ಲೇ ಇರುವ ಗೇರು, 1089 ಸಿಸಿ ಎಂಜಿನ್ನಿನ ಸದ್ದು, ಇವುಗಳೊಂದಿಗೆ ಬೆಳೆದವರು ಈಗ ಕೈಯಲ್ಲಿ ಸ್ವಲ್ಪ ಹಣವೂ ಬಿಡುವೂ ಇರುವ ವಯಸ್ಸಿನಲ್ಲಿದ್ದಾರೆ. ಇದಕ್ಕೊಂದು ಮಿತಿಯೂ ಇದೆಯೆಂಬುದನ್ನು ಹೇಳಬೇಕು. ಆ ಪೀಳಿಗೆ ಸರಿದಂತೆ ಆಸೆಯೂ ಮುಂದಿನ ಕಾರುಗಳತ್ತ ಸರಿಯುತ್ತದೆ. ಯುದ್ಧಪೂರ್ವದ ಸಾಧಾರಣ ಕಾರುಗಳಿಗೆ ಹಿಂದಿದ್ದ ಗಿರಾಕಿ ಈಗಿಲ್ಲ. ಎಂಬತ್ತರ ದಶಕದ ಕಾರುಗಳನ್ನು ಹುಡುಕುವ ಯುವಕರು ಹೆಚ್ಚಾಗಿದ್ದಾರೆ. ‘ಇಟ್ಟಷ್ಟೂ ಬೆಲೆ ಏರುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಯಾವ ಕಾರನ್ನೂ ಹೊಸದಾಗಿಸಲೇ ಬಾರದೇ? ಖಂಡಿತ ಹಾಗಲ್ಲ. ನೆಲದ ತಗಡು ತುಕ್ಕಿನಿಂದ ತೂತುಬಿದ್ದಿದ್ದರೆ, ಚಾಸಿ ಬಲ ಕಳೆದುಕೊಂಡಿದ್ದರೆ, ಹಿಂದೆ ಯಾರೋ ಮೂರು ಬಾರಿ ಬಣ್ಣ ಹೊಡೆಸಿ ಮೂಲದ ಕುರುಹೇ ಉಳಿಯದಿದ್ದರೆ, ಅಂಥ ಕಾರನ್ನು ಪೂರ್ತಿ ಬಿಚ್ಚಿ ಕಟ್ಟುವುದೇ ಸರಿ. ಬೆಂಗಳೂರಿನಲ್ಲಿ ಆ ಕೆಲಸಕ್ಕೆ ಬೇಕಾದ ಕೈಗಳಿವೆ: ಪೀಣ್ಯದಲ್ಲಿ ಬಂಪರಿಗೆ ಕ್ರೋಮ್ ಲೇಪನ ಮಾಡುವವರಿದ್ದಾರೆ, ಜೆ.ಸಿ. ರಸ್ತೆಯಲ್ಲಿ ಹಳೆಯ ಬೀಡಿಂಗಿಗೆ ಹತ್ತಿರದ ರಬ್ಬರು ಹುಡುಕಿಕೊಡುವವರಿದ್ದಾರೆ, ಶಿವಾಜಿನಗರದ ಗುಜರಿಯಲ್ಲಿ ತಾಳ್ಮೆಯಿದ್ದವರಿಗೆ ಬಾಗಿಲ ಹಿಡಿಯೂ ಸಿಗುತ್ತದೆ. ಆದರೆ ಆ ದಾರಿಯಲ್ಲಿ ಹೊರಟವರು ಹಾಕಿದ ಹಣ ಮರಳಿ ಬರುವುದು ಅಪರೂಪ. ಫಿಯೆಟ್ಟಿನಂಥ ಕಾರಿನಲ್ಲಂತೂ ಖರ್ಚು ಬೆಲೆಯನ್ನು ಸುಲಭವಾಗಿ ಮೀರುತ್ತದೆ.

ನಿಮ್ಮ ಕಾರು ಯಾವ ಗುಂಪಿನದೆಂದು ನೀವೇ ಪರೀಕ್ಷಿಸಬಹುದು. ಬಾಗಿಲಿನ ರಬ್ಬರ್ ಬೀಡಿಂಗನ್ನು ಒಂದು ಕಡೆ ಮೆಲ್ಲಗೆ ಎತ್ತಿ ನೋಡಿ. ಅದರಡಿಯಲ್ಲಿರುವ ಬಣ್ಣವೂ ಹೊರಗಿನ ಬಣ್ಣವೂ ಮಾಸಿದ್ದರಲ್ಲಿ ವ್ಯತ್ಯಾಸವಿದ್ದರೂ ಮೂಲದಲ್ಲಿ ಒಂದೇ ಆಗಿರಬೇಕು, ಅಂಚಿನಲ್ಲಿ ಎರಡನೆಯ ಬಣ್ಣದ ಏಣು ಕಾಣಬಾರದು. ಹಿಂದಿನ ಸೀಟಿನ ಕೂರುಭಾಗವನ್ನು ಎತ್ತಿದರೆ ಬಿಸಿಲು ಬೀಳದ ತಗಡು ಕಾಣುತ್ತದೆ; ಕಾರಿನ ನಿಜವಾದ ಬಣ್ಣ ಅಲ್ಲಿದೆ. ತೆಳುವಾದ ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲಿನ ಕೆಳ ಅಂಚಿನಲ್ಲೂ ಚಕ್ರದ ಕಮಾನಿನ ಸುತ್ತಲೂ ಆಡಿಸಿ. ಎಲ್ಲಿ ಅದು ಹಿಡಿಯದೆ ಜಾರುತ್ತದೋ ಅಲ್ಲಿ ಪುಟ್ಟಿ ಇದೆ. ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರವೂ ಸಿಗುತ್ತದೆ. ಒಂದು ಬಾನೆಟ್ಟಿನಲ್ಲಿ ನೂರರ ಆಸುಪಾಸಿನ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಪಕ್ಕದ ಮಡ್‌ಗಾರ್ಡಿನಲ್ಲಿ ಮುನ್ನೂರು ತೋರಿಸಿದರೆ ಅಲ್ಲಿ ಯಾವಾಗಲೋ ಏಟುಬಿದ್ದು ರಿಪೇರಿಯಾಗಿದೆಯೆಂದು ಅರ್ಥ. ಕ್ಲಚ್ಚು ಮತ್ತು ಬ್ರೇಕ್ ಪೆಡಲಿನ ರಬ್ಬರ್ ಸವೆದ ಪ್ರಮಾಣ ಮೀಟರ್ ತೋರಿಸುವ ಓಟಕ್ಕೆ ತಾಳೆಯಾಗಬೇಕು. ಕೊನೆಯದಾಗಿ ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಆರ್‌ಸಿ ಪುಸ್ತಕದೊಂದಿಗೆ ಅಕ್ಷರಕ್ಕಕ್ಷರ ಹೋಲಿಸಿ. ಇವೆಲ್ಲ ಸರಿಬಂದರೆ ನಿಮ್ಮ ಕೈಯಲ್ಲಿರುವುದು ಮುಟ್ಟಬಾರದ ಕಾರು.

ನಮ್ಮ ಊರಿನ ಹವೆ ನಿಮ್ಮ ನೆರವಿಗೆ ಬಂದಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ತೇವ ಬೇಕು. ಜೊತೆಗೆ ಉಪ್ಪು ಸೇರಿದರೆ ಅದರ ವೇಗ ಹಲವು ಪಟ್ಟು ಏರುತ್ತದೆ. ಮಂಗಳೂರು, ಮುಂಬೈ, ಚೆನ್ನೈಗಳ ಕಡಲಗಾಳಿಯಲ್ಲಿ ಇಪ್ಪತ್ತು ವರ್ಷ ನಿಂತ ಕಾರಿನ ನೆಲ ಉಳಿದಿರುವುದು ಕಷ್ಟ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಆ ಕಾಟವಿಲ್ಲ. ಹಾಗೆಂದು ಪ್ಲಾಸ್ಟಿಕ್ ಹೊದಿಕೆ ಹಾಕಿ ಬಿಗಿಯಾಗಿ ಮುಚ್ಚಬೇಡಿ. ಒಳಗೆ ಬೆವರು ನಿಂತು ಬಣ್ಣ ಗುಳ್ಳೆಯೇಳುತ್ತದೆ. ಗಾಳಿಯಾಡುವ ಹತ್ತಿಯ ಹೊದಿಕೆ ಸಾಕು, ಇಲಿ ಸೇರದಂತೆ ನೋಡಿಕೊಳ್ಳಿ.

ಈಗ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ಏನನ್ನೂ ಒರೆಸುವ ಮೊದಲು ಒಳಗೂ ಹೊರಗೂ ಫೋಟೊ ತೆಗೆದಿಡಿ. ಆಮೇಲೆ ಮೃದುವಾದ ಶಾಂಪೂ ಬೆರೆಸಿದ ನೀರಿನಿಂದ ಮೆತ್ತಗೆ ತೊಳೆದು, ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಿ. ಉಜ್ಜಿ ಹೊಳಪು ಬರಿಸುವ ರಬ್ಬಿಂಗ್ ಕಾಂಪೌಂಡ್ ಹಚ್ಚಲು ಯಾರಿಗೂ ಬಿಡಬೇಡಿ. ಮೇಲುಪದರವಿಲ್ಲದ ಬಣ್ಣವಾದ್ದರಿಂದ ಉಜ್ಜಿದಷ್ಟೂ ಬಣ್ಣವೇ ಬಟ್ಟೆಗೆ ಬರುತ್ತದೆ. ಅರವತ್ತು ವರ್ಷ ಸವೆದು ತೆಳುವಾದ ಜಾಗದಲ್ಲಿ, ಅದರಲ್ಲೂ ಬಾನೆಟ್ಟಿನ ಏಣಿನಲ್ಲಿ, ನಾಲ್ಕು ಸಲ ಕೈಯಾಡಿಸುವಷ್ಟರಲ್ಲಿ ಪ್ರೈಮರ್ ಇಣುಕುತ್ತದೆ. ಮೇಣ ಮಾತ್ರ ತೆಳುವಾಗಿ ಹಚ್ಚಿದರೆ ಬಿಳಿಚಿದ ಬಾನೆಟ್ಟು ಎಷ್ಟೋ ಪಾಲು ತನ್ನ ಬಣ್ಣಕ್ಕೆ ಮರಳುತ್ತದೆ.

ಕಾರು ಓಡುವಂತಾಗಬೇಕು, ಓಡದ ಕಾರಿಗಿಂತ ಓಡುವ ಕಾರಿಗೆ ಬೆಲೆ ಹೆಚ್ಚು. ಆದರೆ ಹೊಸ ಬ್ಯಾಟರಿ ಹಾಕಿ ನೇರವಾಗಿ ಕೀಲಿ ತಿರುಗಿಸುವುದು ದೊಡ್ಡ ಅನಾಹುತಕ್ಕೆ ದಾರಿ. ಇಪ್ಪತ್ತು ವರ್ಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿರಬಹುದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕೂ ಸಿಲಿಂಡರುಗಳಿಗೆ ತೆಳುವಾದ ಎಣ್ಣೆ ಬಿಟ್ಟು, ಎರಡು ಮೂರು ದಿನ ಇಳಿಯಲು ಬಿಡಬೇಕು. ಆಮೇಲೆ ಮೇಲಿನ ಗೇರಿನಲ್ಲಿಟ್ಟು ಕಾರನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಅಲುಗಿಸಿದರೆ ಎಂಜಿನ್ ಬಿಡಿಸಿಕೊಳ್ಳುತ್ತದೆ. ಹಳೆಯ ಪೆಟ್ರೋಲು ಅಂಟಿನಂತಾಗಿರುತ್ತದೆ. ಟ್ಯಾಂಕು, ಪೈಪು, ಕಾರ್ಬ್ಯುರೇಟರ್ ಬಿಚ್ಚಿ ಶುಚಿಮಾಡಿಸಿ. ಬ್ರೇಕಿನ ವೀಲ್ ಸಿಲಿಂಡರುಗಳ ರಬ್ಬರುಗಳನ್ನೂ ಟೈರುಗಳನ್ನೂ ಬದಲಾಯಿಸಲೇಬೇಕು, ಅದರಲ್ಲಿ ಮೂಲದ ಮೋಹ ಸಲ್ಲದು. ಇಂಧನದ ರಬ್ಬರ್ ಪೈಪುಗಳನ್ನು ಎಥನಾಲ್ ತಾಳುವಂಥವುಗಳಿಂದ ಬದಲಾಯಿಸಿ, ಏಕೆಂದರೆ ಈಗ ಬಂಕುಗಳಲ್ಲಿ ಸಿಗುವ 20 ಶೇಕಡ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಮೆತ್ತಗಾಗಿಸಿ ಒಡೆಯುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವಾಗ ಕಾರ್ಬ್ಯುರೇಟರಿನಿಂದ ಪೆಟ್ರೋಲನ್ನು ಪೂರ್ತಿ ಇಳಿಸಿಡಿ. ತೆಗೆದ ಹಳೆಯ ಭಾಗಗಳನ್ನು ಮೆಕ್ಯಾನಿಕ್‌ಗೆ ಬಿಟ್ಟುಬರದೆ ಚೀಲದಲ್ಲಿ ಹಾಕಿ, ಹೆಸರು ಬರೆದು ಡಿಕ್ಕಿಯಲ್ಲಿಡಿ.

ಕಾಗದಪತ್ರವನ್ನು ಮುಂದೂಡಬೇಡಿ. ಮಾಲೀಕರು ತೀರಿಕೊಂಡಾಗ 30 ದಿನಗಳೊಳಗೆ ಆರ್‌ಟಿಓ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆಗೆ ಅರ್ಜಿ ಕೊಡಬೇಕೆಂಬುದು ನಿಯಮ. ಅವಧಿ ಮೀರಿದ್ದರೂ ದಂಡ ಕಟ್ಟಿ ಮಾಡಿಸಿಕೊಳ್ಳಿ. ಹೆಸರು ಬದಲಾಗದ ಕಾರನ್ನು ತಿಳಿವಳಿಕೆಯುಳ್ಳವರು ಕೊಳ್ಳುವುದಿಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ‘ಎಂವೈ’ಯಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರು ನಿಮ್ಮಲ್ಲಿದ್ದರೆ ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಒಂದು ಎಚ್ಚರಿಕೆ ಇದೆ: ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲು ಹಾಕಿಸುವುದು, ರಿಪೇರಿ ಇಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ತರಬಹುದು. ಭಾನುವಾರಗಳಲ್ಲಿ ಮನೆಯವರೊಂದಿಗೆ ಸುತ್ತಾಡುವ ಆಸೆಯಿದ್ದರೆ ಎಫ್‌ಸಿ ಮಾಡಿಸಿ ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಸೂಕ್ತ.

ಬೆಲೆಯ ಬಗ್ಗೆ ಅಂಕಿ ಹೇಳದೆ ಜಾರಿಕೊಳ್ಳುತ್ತಿದ್ದೇನೆಂದು ತಿಳಿಯಬೇಡಿ. ನೋಡದ ಕಾರಿಗೆ ಬೆಲೆ ಕಟ್ಟುವವರನ್ನು ನಾನೂ ನಂಬುವುದಿಲ್ಲ. ನಮ್ಮಲ್ಲಿ ಇಂಥ ಕಾರುಗಳ ಮಾರಾಟ ಹೆಚ್ಚಾಗಿ ಬಾಯಿಮಾತಿನಲ್ಲೇ ನಡೆದು, ಕೊಟ್ಟ ನಿಜವಾದ ಮೊತ್ತ ಹೊರಗೆ ಬರುವುದೇ ಇಲ್ಲ. ಮಾರುವ ಮನಸ್ಸಿದ್ದರೆ ಮೊದಲು ಬಂದವರಿಗೇ ಒಪ್ಪಿಸದೆ, ಬೇರೆ ಬೇರೆಯಾಗಿ ಕನಿಷ್ಠ ಮೂವರಿಗೆ ತೋರಿಸಿ. ಒಮ್ಮೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೋ ಧರ್ಮಸ್ಥಳದ ಮಂಜೂಷಾಕ್ಕೋ ಭಾವನವರನ್ನೂ ಕರೆದುಕೊಂಡು ಹೋಗಿ, ಹೊಸದಾಗಿಸಿದ ಕಾರುಗಳ ಬಾಗಿಲ ಸಂದು, ಬಣ್ಣದ ಹೊಳಪು, ತಿರುಪುಗಳನ್ನು ಹತ್ತಿರದಿಂದ ನೋಡಿ ಬನ್ನಿ. ನಿಮ್ಮ ಕಾರಿನಲ್ಲಿರುವುದೇನೆಂಬುದು ಇಬ್ಬರಿಗೂ ಕಣ್ಣಿಗೆ ಬೀಳುತ್ತದೆ. ಖರೀದಿಯ ರಸೀತಿ, ಹಳೆಯ ವಿಮೆ ಕಾಗದ, ತೆರಿಗೆ ಚೀಟಿ, ಕಾರಿನ ಮುಂದೆ ನಿಂತು ಮನೆಯವರು ತೆಗೆಸಿಕೊಂಡ ಫೋಟೊ, ಜಾಕ್ ಮತ್ತು ಸ್ಪ್ಯಾನರ್ ಚೀಲ, ಇವೆಲ್ಲ ಕಾರಿನ ಜೊತೆಗೇ ಹೋಗಬೇಕಾದವು, ಅವಕ್ಕೂ ಸೇರಿಸಿಯೇ ಬೆಲೆ ಕೇಳಿ. ಮುಂಗಡ ಪಡೆದ ದಿನವೇ ಮಾರಾಟದ ಕರಾರನ್ನು ಬರೆಸಿ, ವರ್ಗಾವಣೆಯ ಅರ್ಜಿಗೆ ಕೊಳ್ಳುವವರ ಸಹಿ ಬಿದ್ದ ಮೇಲೆಯೇ ಕೀಲಿಕೈ ಕೊಡಿ.